ಹೀಟರಿನ ಸುತ್ತಮುತ್ತ ಏನೂ ಇಡಬಾರದು

ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಡುಗೆ, ಬಟ್ಟೆ, ಮಗು ಹೇಗೂ ನೋಡಿಕೊಳ್ಳುತ್ತಾಳೆ, ಇದೂ ಒಂದು ಇರಲಿ ಅಂತ ಯಾರೋ ಸೇರಿಸಿಬಿಟ್ಟಿದ್ದಾರೆ. ಚಿಲಕ ಹಾಕಿದೆಯೇ, ಇಸ್ತ್ರಿಪೆಟ್ಟಿಗೆ ಆರಿಸಿದೆಯೇ, ಗುಬ್ಬಿ ಬಾಯಿಗೆ ಹಾಕಿಕೊಂಡಿದ್ದು ಬಿಸ್ಕತ್ತೋ ಅಂಗಿಯ ಗುಂಡಿಯೋ, ಎಲ್ಲಕ್ಕೂ ಹೆದರಬೇಕಾದವಳು ನಾನು. (ಗುಬ್ಬಿ ನನ್ನ ಮಗಳು. ನಡೆಯಲು ಬರುತ್ತದೆ, ಮಾತು ಇನ್ನೂ ಬಂದಿಲ್ಲ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿರಲಿ.) ನಮ್ಮವರನ್ನು ಕೇಳಿದರೆ, "ನೀನು ಹೆದರ್ತಾ ಇದ್ದೀಯಲ್ಲ, ಇಬ್ಬಿಬ್ಬರು ಯಾಕೆ?" ಅನ್ನುತ್ತಾರೆ.

ಈ ಮನೆ ಕೊಂಡಾಗ ಅದರ ಬೆನ್ನಿಗೆ ಹಿತ್ತಿಲ ಈಜುಕೊಳವೂ ಬಂತು. ದೊಡ್ಡದೇನಲ್ಲ. ನಮ್ಮವರು ಈ ದಡದಲ್ಲಿ ಉಸಿರು ಬಿಗಿಹಿಡಿದು ಮುಳುಗಿದರೆ ತಲೆ ಹೋಗಿ ಆ ದಡಕ್ಕೆ ಬಡಿಯುತ್ತದೆ. ಅದಕ್ಕೆ ಅಂಟಿಕೊಂಡು ದುಂಡಗಿನ ಒಂದು ತೊಟ್ಟಿ. ಒಳಗೆ ಕೂರಲು ಕಟ್ಟೆ, ಬಟನ್ ಒತ್ತಿದರೆ ತಳದಿಂದ ಬುಳುಬುಳು ಗುಳ್ಳೆ. ನೀರು ಮಾತ್ರ ವರ್ಷವಿಡೀ ಕೊರೆಯುವಷ್ಟು ತಣ್ಣಗೆ. ಸುತ್ತ ಎದೆಯೆತ್ತರದ ಬೇಲಿ ಹಾಕಿಸಿ, ಬೀಗ ಜಡಿದು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡವಳು ನಾನು.

ಆ ಬೀಗ ತೆಗೆಸಿದ್ದು ನಮ್ಮತ್ತೆಯ ಮಂಡಿ. ಆಪರೇಷನ್ ಆಗಿ ಗಾಯ ಮಾದಿತ್ತು, ಮಂಡಿ ಮಾತ್ರ ಹಟ ಬಿಟ್ಟಿರಲಿಲ್ಲ. ಕುರ್ಚಿಯಿಂದ ಏಳಲು ಒಬ್ಬರು ಬೇಕು, ಮೆಟ್ಟಿಲಿಗೆ ಇಬ್ಬರು. ಅದು ಹೋಗಲಿ. ಗುಬ್ಬಿ ದಿನಾ ಅಜ್ಜಿಯ ಮುಂದೆ ನಿಂತು, ಎತ್ತಿಕೋ ಅಂತ ಎರಡೂ ಕೈ ಮೇಲೆ ಮಾಡುತ್ತಾಳೆ. ಅತ್ತೆ ಟೀವಿ ಕಡೆಗೆ ತಿರುಗಿಕೊಳ್ಳುತ್ತಾರೆ. ಟೀವಿ ಆರಿಸಿದ್ದರೂ.

ಬೆಚ್ಚನೆ ನೀರಿನಲ್ಲಿ ದಿನಾ ಕೂತು ಕಾಲಾಡಿಸಿದರೆ ಮಂಡಿ ಬಗ್ಗುತ್ತದೆ ಅಂತ ವ್ಯಾಯಾಮದ ಡಾಕ್ಟರಮ್ಮ ಹೇಳಿದ್ದೇ ತಡ, ನಮ್ಮವರು ಗ್ಯಾಸಿನ ಹೀಟರ್ ಒಂದನ್ನು ಹೊತ್ತು ತಂದರು. ತಾವೇ ಜೋಡಿಸುವುದಾಗಿಯೂ, ಮಳೆಗೆ ನೆನೆಯದ ಹಾಗೆ ಸ್ಟೋರ್ ರೂಮಿನಲ್ಲಿಡುವುದಾಗಿಯೂ ಘೋಷಿಸಿದರು.

"ಈ ಕಡೆ ಗ್ಯಾಸು, ಆ ಕಡೆ ನೀರು. ಇದರಲ್ಲಿ ಏನಿದೆ?"

"ಹೋದ ಸಲ ನೀವು ಬಚ್ಚಲ ನಲ್ಲಿ ರಿಪೇರಿ ಮಾಡಿದ ಮೇಲೆ ನಾವು ಕೊಡೆ ಹಿಡ್ಕೊಂಡು ಹಲ್ಲುಜ್ಜಿದ್ವಿ," ಅಂದೆ. "ಅದು ನೀರು. ಇದು ಗ್ಯಾಸು ರೀ."

ಲೈಸೆನ್ಸ್ ಇರುವ ಗ್ಯಾಸ್ ಮೇಸ್ತ್ರಿಯನ್ನು ಕರೆಸಿದೆ. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಧಾರಾಳ, ಆದರೆ ಒಂದು ದುರಭ್ಯಾಸವಿತ್ತು. ಕಥೆ ಶುರುಮಾಡಿ ಅರ್ಧಕ್ಕೆ ಕೈಬಿಡುತ್ತಿದ್ದ. ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು ತಲೆಯಾಡಿಸಿದ.

"ಒಂದು ಮನೇಲಿ ಹೀಗೇ ಒಳಗೆ ಇಟ್ಟಿದ್ರು ಸಾರ್. ಬಾಗಿಲು ಹಾಕಿ, ಕಿಟಕಿ ಹಾಕಿ, ಬೆಚ್ಚಗಿರಲಿ ಅಂತ."

"ಆಮೇಲೆ?" ನಾನು ಕೇಳಿದೆ.

ಅವನ ಅಳತೆ ಟೇಪನ್ನು ನುಂಗಲು ನೋಡುತ್ತಿದ್ದ ಗುಬ್ಬಿಯ ಕಡೆ ತಿರುಗಿದ. "ಬಿಡಿ ಅಮ್ಮ. ಮಗು ಇದೆ ಇಲ್ಲಿ."

ಮುಗಿಯದ ಕಥೆಯ ಕೊನೆಯನ್ನು ಕೇಳಿದವರೇ ಕಟ್ಟಿಕೊಳ್ಳಬೇಕು. ಆ ವಿಷಯದಲ್ಲಿ ನನ್ನ ಕೈ ದೊಡ್ಡದು. ಹೀಟರ್ ಹೊರಗೇ ಕೂರಬೇಕು ಅಂತ ನಿರ್ಣಯವಾಯಿತು. ಅದರ ಹೊಗೆ ಒಳಗೆ ಬರದ ಹಾಗೆ ಕಿಟಕಿ ಬಾಗಿಲುಗಳಿಂದ ದೂರ, ತಲೆಯ ಮೇಲೆ ಬರೀ ಆಕಾಶ, ಕೆಳಗೆ ಮಟ್ಟಸವಾದ ಕಾಂಕ್ರೀಟ್ ಕಟ್ಟೆ. ಇಷ್ಟೂ ಸಿಕ್ಕಿದ್ದು ಬೇಲಿಯ ಹಿಂದಿನ ಮೂಲೆಯಲ್ಲಿ. ಮೇಸ್ತ್ರಿ ಗ್ಯಾಸ್ ಪೈಪಿಗೆ ಹಳದಿ ಬಣ್ಣ ಹೊಡೆದ. ಪೈಪಿನ ಸಂದುಗಳಿಗೆಲ್ಲ ಬ್ರಷ್ಷಿನಲ್ಲಿ ಸೋಪಿನ ನೀರು ಹಚ್ಚಿ ಕಾದ. ಗುಳ್ಳೆ ಉಬ್ಬಿದರೆ ಗ್ಯಾಸ್ ಸೋರುತ್ತಿದೆ ಅಂತ ಅರ್ಥವಂತೆ. ಒಂದೂ ಉಬ್ಬಲಿಲ್ಲ.

"ಇನ್ನು ಇದರ ಸುತ್ತಮುತ್ತ ಏನೂ ಇಡಬಾರದು," ಅಂದ. "ಮೇಲಂತೂ ಗಾಳಿ ಬಿಟ್ಟು ಬೇರೇನೂ ಇರಬಾರದು. ಒಂದು ಮನೇಲಿ..." ಗುಬ್ಬಿಯನ್ನು ನೋಡಿ ಬಾಯಿ ಮುಚ್ಚಿಕೊಂಡ.

ಅಂದಿನಿಂದ ನಾನು ಹೀಟರ್ ಖಾತೆಯ ಮಂತ್ರಿ. ನಮ್ಮವರ ನೆನೆದ ಬೂಟು ಅದರ ಹತ್ತಿರ ಸುಳಿದಾಗ ಗಡೀಪಾರು ಮಾಡಿದೆ. ಅತ್ತೆ, "ಆ ಡಬ್ಬಿ ಹೇಗೂ ಬಿಸಿಯಾಗಿರುತ್ತಲ್ಲಮ್ಮ, ನನ್ನ ಸ್ನಾನದ ಟವೆಲ್ ಒಂದು ಅದರ ಪಕ್ಕ ಹಾಕು, ಈ ಥಂಡಿಗೆ ಒಣಗ್ತಾನೇ ಇಲ್ಲ," ಅಂದಾಗ ಅಗ್ನಿ, ವಾಯು, ಮತ್ತು ಹತ್ತಿಬಟ್ಟೆಯ ಸ್ವಭಾವ ಕುರಿತು ದೀರ್ಘ ಉಪನ್ಯಾಸ ಕೊಟ್ಟೆ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು, "ಆಯ್ತು, ಒದ್ದೆಯದನ್ನೇ ಸುತ್ಕೋತೀನಿ," ಅಂದರು.

ಆ ವಾರ ಬಿಸಿಲೇ ಇರಲಿಲ್ಲ, ನಿಜ. ಗುಬ್ಬಿಯ ಲಂಗೋಟಿಗಳು ಕುರ್ಚಿಯ ಬೆನ್ನು, ಕಿಟಕಿಯ ಸರಳು, ನಮ್ಮವರ ಪುಸ್ತಕದ ಕಪಾಟು ಎಲ್ಲೆಲ್ಲೂ ಸೋತ ಸೈನ್ಯದ ಬಾವುಟಗಳ ಹಾಗೆ ಇಳಿಬಿದ್ದಿದ್ದವು. ಹೀಟರ್ ಬಂದು ಸ್ವಲ್ಪ ದಿನಕ್ಕೆ ಆ ಸಮಸ್ಯೆ ತಾನಾಗಿ ಬಗೆಹರಿಯಿತು. ಹೇಗೆ ಅಂತ ಯಾರೂ ಕೇಳಲಿಲ್ಲ. ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ.

ಅತ್ತೆ ನೀರಿಗಿಳಿಯಲು ಒಪ್ಪಬೇಕಲ್ಲ. "ಹಂಡೇಲಿ ಕೂರಿಸಿ ಕೆಳಗೆ ಬೆಂಕಿ ಹಾಕ್ತೀರಾ?" ಅಂತ ದಿನ ಮುಂದೂಡುತ್ತಲೇ ಇದ್ದರು. ಅಮ್ಮ ಇಳಿಯದೆ ಹೀಟರ್ ಯಾಕೆ ಸುಮ್ಮನೆ ಓಡಿಸ್ತೀಯ ಅಂತ ನಮ್ಮವರು ಕೇಳಿದರು. ಪರೀಕ್ಷೆಗೆ ಅಂದೆ. ಸುಳ್ಳಲ್ಲ. ದಿನಾ ಬೆಳಿಗ್ಗೆ ಗುಬ್ಬಿಯ ಶಾಂಪೂವನ್ನು ಬಕೆಟ್ಟಿನಲ್ಲಿ ಕಲಸಿ ಪೈಪುಗಳಿಗೆ ಹಚ್ಚಿ ನೋಡುತ್ತಿದ್ದೆ. ಹಳದಿ ಪೈಪು, ಬಿಳಿ ಪೈಪು ಅಂತ ನನಗೆ ಭೇದಭಾವವಿಲ್ಲ. ಎಲ್ಲಕ್ಕೂ ಸಮನಾಗಿ ಹಚ್ಚುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಅತ್ತೆ ಹಳೆಯ ನೈಟಿ ತೊಟ್ಟು ತೊಟ್ಟಿಗೆ ಇಳಿದರು. ಇಳಿದರು ಅಂದರೆ, ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ, ನಡುವೆ ಅವರ ಗೊಣಗಾಟ, ಹೀಗೆ ಮೂರೂ ಸೇರಿ ಇಳಿಸಿದೆವು. ಬಿಸಿನೀರು ಸೊಂಟ ದಾಟಿದಾಗ ಗೊಣಗಾಟ ನಿಂತಿತು. ಕತ್ತಿನವರೆಗೆ ಬಂದಾಗ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ನಮ್ಮವರು ಜಗುಲಿಗೆ ಹೋಗಿ, ಸುತ್ತ ಕಟಕಟೆ ಕಟ್ಟಿದ ಹಾಸಿಗೆಯಲ್ಲಿ ಆಡುತ್ತಿದ್ದ ಗುಬ್ಬಿಯನ್ನು ಕಾಯುತ್ತ ಹೀಟರಿನ ಕೈಪಿಡಿ ಓದತೊಡಗಿದರು. ನಾನು ಬ್ರಷ್ಷು ಹಿಡಿದು ನನ್ನ ಪರೀಕ್ಷೆಗೆ ಹೊರಟೆ. ಅತ್ತೆಗೆ ಧೈರ್ಯ ಬಂತೋ ಏನೋ, ಬಟನ್ ಒತ್ತಿದರು.

ನನ್ನ ಬ್ರಷ್ಷಿನ ಕೆಳಗೆ, ಪೈಪಿನ ಸಂದಿನಲ್ಲಿ ಒಂದು ಗುಳ್ಳೆ ಎದ್ದಿತು. ಬಟಾಣಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು, ಒಡೆಯಿತು. ಅದರ ಹಿಂದೆಯೇ ಇನ್ನೊಂದು.

"ಗ್ಯಾಸ್ ಸೋರ್ತಿದೆ, ಎಲ್ಲರೂ ಆಚೆ ನಡೀರಿ," ಅಂದೆ. ಕಿರುಚಲಿಲ್ಲ. (ಕಿರುಚಿದೆ ಅಂತ ಪಕ್ಕದ ಮನೆಯವರೂ, ಅವರ ಪಕ್ಕದ ಮನೆಯವರೂ ಹೇಳುತ್ತಾರೆ.) ಗ್ಯಾಸಿನ ತಿರುಪು ಮುಚ್ಚಿದೆ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಅಂತ ಕೂಗುತ್ತ ಜಗುಲಿಗೆ ಓಡಿದೆ. ನಮ್ಮವರು ನಿಂತು ಮೂಗರಳಿಸುತ್ತಿದ್ದರು.

"ವಾಸನೆ ಬರ್ತಿಲ್ಲವಲ್ಲೇ."

"ನಿಮ್ಮ ಮೂಗು ಇರೋದು ಕನ್ನಡಕ ನಿಲ್ಲಿಸೋಕೆ. ಮಗು ಎಲ್ಲಿ?"

ಹಾಸಿಗೆ ಖಾಲಿಯಿತ್ತು.

ಹಾಸಿಗೆಯ ಕೆಳಗೆ ಬಗ್ಗಿ ನೋಡಿದೆ. ಆಮೇಲೆ ನೆಲ ಕಾಣಿಸಿತು. ತೊಟ್ಟಿಯಿಂದ ಜಗುಲಿಗೆ ಒದ್ದೆ ಹೆಜ್ಜೆಗಳು. ಮೆಟ್ಟಿಲ ಮೇಲೂ ಹೆಜ್ಜೆ, ಒಂದು ಮೆಟ್ಟಿಲಿಗೆ ಒಂದೇ ಪಾದ. ಅಲ್ಲಿಂದ ಅಂಗಳ ದಾಟಿ ಗೇಟಿನವರೆಗೆ. ಗೇಟಿನಾಚೆ ರಸ್ತೆಯಲ್ಲಿ, ತೊಟತೊಟ ಸುರಿಯುವ ನೈಟಿಯಲ್ಲಿ ನಮ್ಮತ್ತೆ. ಸೊಂಟದ ಮೇಲೆ ಗುಬ್ಬಿ.

ನಮ್ಮವರು ಕೈಪಿಡಿಯನ್ನು ಕಾಪಾಡಿಕೊಂಡು ಹೊರಬಂದರು. ನಾನು ಶಾಂಪೂ ಬಕೆಟ್ಟನ್ನು.

"ಅತ್ತೆ, ನಿಮ್ಮ ಮಂಡಿ?" ಅಂದೆ.

"ಯಾವ ಮಂಡಿ?" ಅಂದರು. ಆಮೇಲೆ ನೆನಪಾಯಿತು. ಮಂಡಿಗೂ ನೆನಪಾಯಿತು, ಗೇಟಿನ ಕಂಬಕ್ಕೆ ಒರಗಿದರು. ನಾನು ಮಗುವಿಗೆ ಕೈ ಚಾಚಿದೆ. "ಇರ್ಲಿ ಬಿಡು," ಅಂತ ಇನ್ನೂ ಗಟ್ಟಿಯಾಗಿ ಅವಚಿಕೊಂಡರು. ನಾನು ಬಕೆಟ್ಟಿನ ಕಡೆ ನೋಡುತ್ತ ನಿಂತೆ. ಶಾಂಪೂ ಕಣ್ಣಿಗೆ ಹೋದರೆ ಉರಿಯುವುದಿಲ್ಲ ಅಂತ ಬಾಟಲಿ ಮೇಲೆ ಬರೆದಿದ್ದಾರೆ, ಆದರೂ.

ರಸ್ತೆಯಿಂದಲೇ ಫೋನ್ ಮಾಡಿದೆ, ಮೇಸ್ತ್ರಿ ಬಂದ. ಎಲ್ಲಿ ತೋರಿಸಿ ಅಂದ. ತೊಟ್ಟಿಯ ಮಗ್ಗುಲಿನ ಸಂದು ತೋರಿಸಿದೆ. ಪಕ್ಕದ ಮನೆಯವರೂ ಬಂದು ನೋಡಿದರು.

"ಇದು ಬಿಳಿ ಪೈಪು ಅಮ್ಮ. ತೊಟ್ಟಿಗೆ ಗಾಳಿ ಊದೋದು. ಗುಳ್ಳೆ ಬರಲಿ ಅಂತಲೇ ಹಾಕಿರೋದು."

ಯಾರೂ ನಗಲಿಲ್ಲ. ನಮ್ಮವರು ಕೈಪಿಡಿಯಿಂದ ಮುಖ ಮುಚ್ಚಿಕೊಂಡು ಏನನ್ನೋ ಓದುತ್ತಿದ್ದರು, ಪುಸ್ತಕ ಅಲುಗಾಡುತ್ತಿತ್ತು. ಅತ್ತೆಯೇ ನನ್ನ ಪರ ವಹಿಸಿದರು. "ಹೋಗ್ಲಿ ಬಿಡಪ್ಪ. ಅವಳು ಹೆದರಿಸಿದ್ದಕ್ಕೇ ನನ್ನ ಕಾಲು ಎದ್ದಿದ್ದು."

"ಅಮ್ಮ ಮಾಡಿದ್ದೇ ಸರಿ," ಅಂದ ಮೇಸ್ತ್ರಿ. "ಅನುಮಾನ ಬಂತು, ತಿರುಪು ಮುಚ್ಚಿದ್ರು, ಎಲ್ಲರನ್ನೂ ಆಚೆ ಕಳಿಸಿದ್ರು, ಆಚೆಯಿಂದ ಫೋನ್ ಮಾಡಿದ್ರು. ಹುಷಾರು ಅಂದ್ರೆ ಹೀಗಿರಬೇಕು."

ನಾನು ಒಂದು ಗೇಣು ಎತ್ತರವಾದೆ. ನೋಡಿದಿರಾ ಅನ್ನುವ ಹಾಗೆ ನಮ್ಮವರ ಕಡೆ ತಿರುಗಿದೆ. ಬಂದಿದ್ದೇ ಬಂದೆ, ಎಲ್ಲಾ ಒಂದು ಸಲ ನೋಡಿಬಿಡ್ತೀನಿ ಅಂತ ಮೇಸ್ತ್ರಿ ಬೇಲಿಯ ಮೂಲೆಗೆ, ಹೀಟರಿನ ಹಿಂದಕ್ಕೆ ಹೋದ. ಆ ಜಾಗ ಮನೆಯ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ. ಕಾಣದ ಜಾಗ ಅಂತಲೇ... ಅದಿರಲಿ.

ಆಮೇಲೆ ಸ್ಕ್ರೂಡ್ರೈವರಿನ ತುದಿಗೆ ಒಂದು ಲಂಗೋಟಿಯನ್ನು ಸಿಕ್ಕಿಸಿಕೊಂಡು ಬಂದ. ಅದರ ಒಂದು ಅಂಚು ಸುಟ್ಟ ಬ್ರೆಡ್ಡಿನ ಬಣ್ಣಕ್ಕೆ ತಿರುಗಿತ್ತು.

"ಹೀಟರಿನ ತಲೆ ಮೇಲೇ ದಾರ ಕಟ್ಟಿದಾರೆ. ಸಾಲಾಗಿ ಇವೇ ಇದಾವೆ. ಇನ್ನೊಂದೆರಡು ದಿನ ಬಿಟ್ಟಿದ್ರೆ ಬೆಂಕಿ ಹತ್ತೋದು. ಯಾರು ಹಾಕಿದ್ದು?"

ಎಲ್ಲರೂ ನನ್ನನ್ನು ನೋಡಿದರು. ನಾನು ಗುಬ್ಬಿಯನ್ನು ನೋಡಿದೆ. ಮಾತು ಬರದವಳು ಮನೆಯಲ್ಲಿ ಅವಳೊಬ್ಬಳೇ.

ಅತ್ತೆ ಮಗುವಿನ ಕಿವಿಯಲ್ಲಿ, ಆದರೆ ಇಡೀ ಬೀದಿಗೆ ಕೇಳುವ ಹಾಗೆ, "ನನ್ನ ಟವೆಲ್‌ಗೆ ಮಾತ್ರ ಜಾಗ ಇರಲಿಲ್ಲ ಕಣೇ," ಅಂದರು.

ಹೀಟರ್ ಖಾತೆ ಅಂದೇ ನನ್ನ ಕೈತಪ್ಪಿತು. ಈಗ ಅತ್ತೆ ದಿನಾ ತೊಟ್ಟಿಗಿಳಿಯುವ ಮುಂಚೆ, ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಬೇಲಿ ಹಿಡಿದು ನಿಧಾನಕ್ಕೆ ಆ ಮೂಲೆಯವರೆಗೂ ನಡೆದು ಹೋಗಿ ಹೀಟರಿನ ಹಿಂದೆ ಇಣುಕಿ ಬರುತ್ತಾರೆ. ಗುಬ್ಬಿ ಕೈ ಎತ್ತಿದರೆ ಕುರ್ಚಿಯಲ್ಲಿ ಕೂತು ಎತ್ತಿಕೊಳ್ಳುತ್ತಾರೆ. ಟೀವಿ ಕಡೆ ತಿರುಗುವುದಿಲ್ಲ.

ಅವತ್ತು ಮೇಸ್ತ್ರಿ ಹೊರಡುವಾಗ ಆಗಷ್ಟೇ ಊರಿಂದ ಬಂದಿದ್ದ ಎದುರು ಮನೆಯಾಕೆ ಗೇಟಿನಲ್ಲಿ ಅವನನ್ನು ತಡೆದರು. ತಮ್ಮ ಕೊಳಕ್ಕೂ ಇಂಥದೇ ಒಂದು ಕೂರಿಸಬೇಕು, ಏನೇನು ಹುಷಾರಾಗಿರಬೇಕು ಅಂತ ಕೇಳಿದರು. ನಾನು ಅಲ್ಲೇ ಬಕೆಟ್ ತೊಳೆಯುತ್ತಿದ್ದೆ.

"ಒಂದು ಮನೇಲಿ," ಅಂತ ಮೇಸ್ತ್ರಿ ಶುರುಮಾಡಿದ, "ಹೀಟರ್ ಮೇಲೆ ಲಂಗೋಟಿ ಒಣಹಾಕಿದ್ರು ಅಮ್ಮ."

"ಅಯ್ಯೋ. ಆಮೇಲೆ?"

ಅವನು ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಬಿಡಿ. ಮಗುವಿನ ತಾಯಿ ಇದಾರೆ ಇಲ್ಲಿ."