ಗದ್ದೆಗೆ ನಿಯೋಜನೆಗೊಂಡ ರವಾನೆ ಗುಮಾಸ್ತರು

ಭತ್ತದ ರೋಗ ನಿಯಂತ್ರಣ ಕಚೇರಿಯಲ್ಲಿ ಇದುವರೆಗೆ ಒಂದು ಕಾಗದವೂ ಕಳೆದುಹೋಗಿಲ್ಲ. ಎಲ್ಲವೂ ರವಾನೆ ಗುಮಾಸ್ತರ ಡ್ರಾಯರಿನಲ್ಲಿ ಕ್ಷೇಮವಾಗಿವೆ. ತಮ್ಮ ಸುದೀರ್ಘ ಸೇವೆಯಲ್ಲಿ ಒಂದು ಮೇಜಿನ ಪತ್ರ ಇನ್ನೊಂದು ಮೇಜಿಗೆ ಮುಟ್ಟಿದ ಕಳಂಕ ಅವರಿಗಿಲ್ಲ. ಕಚೇರಿಯ ವರದಿ ಬರೆಯುವವನಾಗಿ ನಾನಿದನ್ನು ಹೆಮ್ಮೆಯಿಂದ ದಾಖಲಿಸುತ್ತೇನೆ.

ನಮ್ಮ ವಿಜ್ಞಾನಿ ಮೇಡಂ ಅವರ ಚಿಕ್ಕಮ್ಮನ ಗದ್ದೆಯಲ್ಲಿ ಎಲೆಯಂಚು ಹಳದಿಯಾಗತೊಡಗಿತ್ತು. ಆ ಮನೆಯವರ ವರ್ಷದ ಅನ್ನವೆಲ್ಲ ಅದೊಂದೇ ಗದ್ದೆಯಿಂದ ಬರಬೇಕು. ಮೇಡಂ ಹತ್ತಿರ ಮದ್ದಿತ್ತು. ಸಿಂಪಡಿಸಲು ಕೊಟ್ಟ ಅನುಮತಿಗೆ ಸಹಿಯೂ ಬಿದ್ದಿತ್ತು. ಪತ್ರ ಮಾತ್ರ ರವಾನೆಯಲ್ಲಿತ್ತು.

ಕಾದು ಕಾದು ಸಾಕಾಗಿ ಮೇಡಂ ನಿರ್ದೇಶಕರ ಕೋಣೆಗೇ ಹೋದರು.

"ಸರ್, ಈ ರೋಗಾಣುಗಳು ಕೆಲವೇ ಇದ್ದಾಗ ತೆಪ್ಪಗಿರುತ್ತವೆ. ಒಂದೊಂದೂ 'ನಾನಿದ್ದೀನಿ' ಅನ್ನೋ ಹಾಗೆ ಒಂದು ರಾಸಾಯನಿಕ ಬಿಡುತ್ತೆ. ಅದು ದಟ್ಟವಾದರೆ, ಸಾಕಷ್ಟು ಜನ ಸೇರಿದ್ದೀವಿ ಅಂತ ಗೊತ್ತಾಗಿ ಎಲ್ಲಾ ಒಟ್ಟಿಗೆ ಎಲೆ ಮೇಲೆ ಬೀಳುತ್ತವೆ."

"ನಮ್ಮ ನೌಕರರ ಸಂಘದ ಹಾಗೆ," ಎಂದರು ನಿರ್ದೇಶಕರು.

"ಹೂಂ ಸರ್. ನನ್ನ ಮದ್ದಿನಲ್ಲಿರೋ ಸೂಕ್ಷ್ಮಜೀವಿ ಆ ಸಂದೇಶವನ್ನೇ ತಿಂದುಹಾಕುತ್ತೆ. ಸಂದೇಶ ಮುಟ್ಟದಿದ್ದರೆ ರೋಗ ಏಳಲ್ಲ. ಈ ವಾರ ತಪ್ಪಿದರೆ ಗದ್ದೆ ಕೈಗೆ ಸಿಗಲ್ಲ."

ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ಸಂದೇಶ ಮುಟ್ಟದ ಹಾಗೆ ನೋಡ್ಕೊಳ್ಳೋಕೆ ಮದ್ದು ಯಾಕಮ್ಮ? ಆ ಕೆಲಸದಲ್ಲಿ ಪಳಗಿದೋರು ನಮ್ಮಲ್ಲೇ ಇದ್ದಾರಲ್ಲ."

ಲಿಖಿತ ಆದೇಶ ಮುಟ್ಟುವ ಸಂಭವವಿಲ್ಲದ ಕಾರಣ, ಅದನ್ನು ರವಾನೆ ವಿಭಾಗದ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಲಾಯಿತು: "ಸಾರ್ವಜನಿಕ ಹಿತದೃಷ್ಟಿಯಿಂದ ರವಾನೆ ಗುಮಾಸ್ತರನ್ನು ಸದರಿ ಗದ್ದೆಗೆ ನಿಯೋಜಿಸಲಾಗಿದೆ. ಇನ್ನು ಮುಂದೆ ರೋಗಾಣುಗಳು ತಮ್ಮ ಪರಸ್ಪರ ವ್ಯವಹಾರವನ್ನು ಇವರ ಮೂಲಕವೇ ನಡೆಸತಕ್ಕದ್ದು."

ಗುಮಾಸ್ತರು ಮೇಜು, ಕುರ್ಚಿ, ಮೊಹರಿನ ಸಮೇತ ಬದುವಿನ ಮೇಲೆ ಅಧಿಕಾರ ವಹಿಸಿಕೊಂಡರು.

"ಇವರಿಲ್ಲಿ ಏನು ಮಾಡ್ತಾರೆ ಮಗಳೇ?" ಚಿಕ್ಕಮ್ಮ ಕೇಳಿದರು.

"ಏನೂ ಮಾಡಲ್ಲ ಚಿಕ್ಕಮ್ಮ. ಅದಕ್ಕೇ ಕಳಿಸಿರೋದು," ಎಂದರು ಮೇಡಂ. ಅವರ ಮುಖ ಬಾಡಿತ್ತು.

ಆದರೆ ಮೇಜು ಭಾರವಿತ್ತೆಂದು ಜವಾನ ಹೊರಡುವ ಮೊದಲೇ ಡ್ರಾಯರನ್ನು ಬರಿದು ಮಾಡಿದ್ದ. ಕಚೇರಿಯ ನೆಲದ ಮೇಲೆ ರಾಶಿ ಬಿದ್ದ ಪತ್ರಗಳು ಕಾಲಿಗೆ ತೊಡರುತ್ತಿದ್ದವು. ಬೇರೆ ದಾರಿ ಕಾಣದೆ ಅವನು ಅವುಗಳನ್ನು ಆಯಾ ಮೇಜಿಗೆ ಹಂಚಿಬಿಟ್ಟ. ಮಧ್ಯಾಹ್ನ ಮೇಡಂ ಮರಳಿ ಬಂದಾಗ ಅನುಮತಿ ಅವರ ಮೇಜಿನ ಮೇಲಿತ್ತು. ಅದನ್ನು ಎರಡು ಸಲ ಓದಿ, ಅಲ್ಲೇ ಕೂತು ಅತ್ತುಬಿಟ್ಟರು. ಸಂಜೆಯೊಳಗೆ ಗದ್ದೆಗೆಲ್ಲ ಮದ್ದು ಬಿದ್ದಿತ್ತು. ಗುಮಾಸ್ತರು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಟ್ಟು ಸಹಕರಿಸಿದರು.

ಹೊಸ ಎಲೆಗಳು ಹಸಿರಾಗಿಯೇ ಬಂದವು. ಇಡೀ ಯಶಸ್ಸನ್ನು ನಾನು ನಿಯಮಾನುಸಾರ ಗುಮಾಸ್ತರ ಹೆಸರಿಗೆ ಬರೆದೆ. "ನಿಮ್ಮ ಮದ್ದಿನ ವಿಷಯವನ್ನೂ ಸೇರಿಸಲಾ?" ಎಂದು ಮೇಡಂ ಅವರನ್ನು ಕೇಳಿದೆ.

"ಬೇಡ. ಅವರು ಅಲ್ಲಿಗೆ ಹೋಗಿದ್ದರಿಂದಲೇ ಗದ್ದೆ ಉಳೀತು," ಎಂದು ನಕ್ಕರು.

ಇತ್ತ ಕಚೇರಿಯಲ್ಲಿ ಪತ್ರಗಳು ಮುಟ್ಟತೊಡಗಿ ಎಲ್ಲರಿಗೂ ಕೆಲಸ ಬಂದುಬಿಟ್ಟಿತು. ಸಿಬ್ಬಂದಿ ಕಂಗಾಲಾದರು. ಬಡ್ತಿ ಕೊಟ್ಟಾದರೂ ಗುಮಾಸ್ತರನ್ನು ಕರೆಸಿಕೊಳ್ಳಿ ಎಂದು ಗೋಗರೆದರು. ನಿರ್ದೇಶಕರು ಬಡ್ತಿಯನ್ನೂ ವಾಪಸಾತಿಯನ್ನೂ ಒಂದೇ ಆದೇಶದಲ್ಲಿ ಬರೆದು ಜವಾನನ ಕೈಯಲ್ಲಿ ಗದ್ದೆಗೆ ಕಳಿಸಿದರು.

ಗುಮಾಸ್ತರು ಲಕೋಟೆಗೆ ಮೊಹರು ಒತ್ತಿ, ಅದನ್ನು ಒಡೆಯದೆ ಡ್ರಾಯರಿಗೆ ಹಾಕಿ ಬೀಗ ಜಡಿದರು.

ಆದೇಶ ಮುಟ್ಟದ ಕಾರಣ ಅವರು ಇನ್ನೂ ಬದುವಿನ ಮೇಲೇ ಇದ್ದಾರೆ. ಬಿಸಿಲಿಗೆಂದು ಚಿಕ್ಕಮ್ಮ ಅವರ ಕುರ್ಚಿಗೊಂದು ಕೊಡೆ ಕಟ್ಟಿಕೊಟ್ಟಿದ್ದಾರೆ.