ಎರಡು ಜಿಬಿಯಲ್ಲಿ ಹಿಡಿಯದ ಬೀಗರು

ಮೊದಲೇ ಹೇಳಿಬಿಡುತ್ತೇನೆ. ನಮ್ಮಕ್ಕನ ಸಂಬಂಧ ಅವತ್ತು ಮುರಿದುಬೀಳುವ ಹಂತಕ್ಕೆ ಬಂದದ್ದರಲ್ಲಿ ಕಂಪ್ಯೂಟರಿನ ತಪ್ಪು ಕಾಲುಭಾಗ. ಉಳಿದ ಮುಕ್ಕಾಲು ಭಾಗದ ಸಂಪೂರ್ಣ ಶ್ರೇಯಸ್ಸು ಈ ಲೇಖಕನಿಗೇ ಸಲ್ಲತಕ್ಕದ್ದು.

ಆ ಕಂಪ್ಯೂಟರು ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಸೇವೆ ಸಲ್ಲಿಸಿ, ನಿವೃತ್ತಿ ಹೊಂದಿ, ಗಂಗಾವತಿಯ ನಮ್ಮ ಮನೆಯ ಪಡಸಾಲೆಗೆ ಬಂದು ಕೂತಿತ್ತು. ಅದನ್ನು ಚಾಲೂ ಮಾಡಿ ಸ್ನಾನಕ್ಕೆ ಹೋದರೆ, ನಾನು ತಲೆ ಬಾಚಿಕೊಂಡು ಬರುವ ಹೊತ್ತಿಗೆ ಅದೂ ಎದ್ದಿರುತ್ತಿತ್ತು. ಅದರಲ್ಲಿ ಬಸ್ಸು ಓಡಿಸುವ ಒಂದು ಹಳೆಯ ಆಟ ಹಾಕಿಕೊಂಡಿದ್ದೆ. ಆಟ ಪರದೇಶದ್ದು. ರಸ್ತೆ ಕನ್ನಡಿಯ ಹಾಗೆ, ಜನ ಸಾಲಾಗಿ ನಿಂತು ಹತ್ತುವವರು. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರು ಒಬ್ಬರೂ ಇಲ್ಲ. ಇದೆಂಥ ಬಸ್ಸು?

ಹಾಗಾಗಿ ಮಾಡ್ ಹಾಕತೊಡಗಿದೆ. ಮಾಡ್ ಎಂದರೆ, ಯಾರೋ ಮಾಡಿಟ್ಟ ಆಟದೊಳಗೆ ನಮಗೆ ಬೇಕಾದದ್ದನ್ನು ತುರುಕುವ ವಿದ್ಯೆ. ಕೆಂಪು ಬಸ್ಸು ತುರುಕಿದೆ. ಭತ್ತದ ಲಾರಿ, ಬಂಡೆಗುಡ್ಡ, ಅಡ್ಡ ಬರುವ ಎಮ್ಮೆ, ಮೂರು ಗಾಲಿಯ ಮೇಲೆ ಅರ್ಧ ಊರನ್ನೇ ಹೊತ್ತ ಟಂಟಂ, ಎಲ್ಲವನ್ನೂ ತುರುಕಿದೆ. ಗಂಗಾವತಿಯಿಂದ ಗಿಣಿಗೇರಾ, ಕೊಪ್ಪಳ ಹಾದು ಮಂಗಳೂರಿನವರೆಗೆ ರಸ್ತೆ ಹಾಕಿದೆ. ಸಮುದ್ರದ ಮಂಗಳೂರಲ್ಲ, ಯಲಬುರ್ಗಾ ಕಡೆಯ ನಮ್ಮ ಮಂಗಳೂರು. ರಸ್ತೆಗೆ ತಗ್ಗುಗಳನ್ನೂ ಹಾಕಿದೆ. ಇಷ್ಟು ತಗ್ಗು ಬೀಳಿಸಲು ಗುತ್ತಿಗೆದಾರನಿಗಾದರೂ ಒಂದು ಮಳೆಗಾಲ ಬೇಕು. ನನಗೆ ಒಂದು ವಾರ ಸಾಕಾಯಿತು.

ಕೊನೆಗೆ ಉಳಿದದ್ದು ದನಿ. ನಮ್ಮ ಓಣಿಯಲ್ಲಿ ನಾನು ಅಣಕಿಸದ ಗಂಟಲಿಲ್ಲ. ಪ್ರಯಾಣಿಕರ ದನಿಯನ್ನೆಲ್ಲ ನಾನೇ ಮಾತಾಡಿ ಮುದ್ರಿಸಿದೆ. ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳ ತೆಗೆಯುವ ಅವ್ವ, ಡ್ರೈವರಿಗೆ ಬಸ್ಸು ಓಡಿಸುವುದನ್ನು ಕಲಿಸುವ ಅಪ್ಪ, ಎಲ್ಲರೂ ಹತ್ತಿದರು.

ಇಷ್ಟರಲ್ಲಿ ಅಕ್ಕನಿಗೆ ಮಂಗಳೂರಿನ ಸಂಬಂಧ ಬಂತು. ಅಲ್ಲಿಯವರೆಗೆ ಬಂದ ಗಂಡುಗಳಿಗೆಲ್ಲ ಅವಳು ತಲೆಯನ್ನು ಅಡ್ಡಡ್ಡ ಆಡಿಸಿದ್ದಳು. ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವೀರೇಶನನ್ನು ಕಂಡಾಗ ಮೊದಲ ಸಲ ಮೇಲೆ ಕೆಳಗೆ ಆಡಿತು. ಅವನ ತಂದೆ ಬಸಲಿಂಗಪ್ಪ ಕಾಕಾ ನಮ್ಮ ಮನೆಗೆ ಬಂದು ಕೂತು ಹೇಳಿದ ಮೊದಲ ಮಾತು, "ನೋಡ್ರಿ, ನಾ ಮಾತ ಕಮ್ಮಿ ಆಡಾಂವ."

ಇದನ್ನು ಹೇಳಿ ಅವರು ಉಪ್ಪಿಟ್ಟಿನಿಂದ ಎರಡನೆಯ ಚಹಾದವರೆಗೆ ಬಾಯಿ ಮುಚ್ಚಲಿಲ್ಲ. ತಮ್ಮ ಬೋರಿನ ಆಳ ಹೇಳಿದರು, ಮೊಣಕಾಲಿನ ನೋವು ಹೇಳಿದರು, ಪಕ್ಕದ ಹೊಲದವನ ಬದುವಿನ ತಂಟೆಯನ್ನು ಅದರ ಹುಟ್ಟಿನಿಂದ ಹೇಳಿದರು. ನಡುನಡುವೆ ಉಸಿರು ತೆಗೆದುಕೊಳ್ಳಲು ಮತ್ತೆ, "ನಾ ಮಾತ ಕಮ್ಮಿ ಆಡಾಂವ್ರಿ." ಇಂಥ ಗಂಟಲು ಕೈಗೆ ಸಿಕ್ಕಾಗ ಸುಮ್ಮನಿರುವುದು ಕಲೆಗೆ ಮಾಡುವ ದ್ರೋಹ. ಮಂಗಳೂರು ಸ್ಟಾಪಿನಲ್ಲಿ ಹತ್ತುವ ಒಬ್ಬ ಧೋತರದ ಪ್ರಯಾಣಿಕನಿಗೆ ಆ ಇಡೀ ಭಾಷಣ ಕೊಟ್ಟೆ. ಉಚ್ಚ ಗುಣಮಟ್ಟದಲ್ಲಿ, ಒಂದಿಷ್ಟೂ ಕುಗ್ಗಿಸದೆ.

ಆದರೆ ಬಸ್ಸು ಮಂಗಳೂರು ಕಾಣಲೇ ಇಲ್ಲ. ಗಿಣಿಗೇರಾದ ಚಿಮಣಿ ಕಂಡೊಡನೆ "ಮೆಮೊರಿ ಸಾಲದು" ಎಂದು ಆಟ ಮಕಾಡೆ ಮಲಗುತ್ತಿತ್ತು. ನಾನೇನು ದಡ್ಡನೇ? ಹಳೆಯ ಸಾಮಾನಿನ ಅಂಗಡಿಯಿಂದ ರ‍್ಯಾಮ್ ತಂದು ಚುಚ್ಚಿದೆ. ನಾಲ್ಕು ಜಿಬಿ ಇದ್ದದ್ದು ಎಂಟಾಯಿತು. ಕಂಪ್ಯೂಟರು ಮಾತ್ರ "ನನ್ನ ಹತ್ತಿರ ಇರುವುದು ಮೂರು ಚಿಲ್ಲರೆ" ಎಂದು ಮೊದಲಿನ ಪಾಠವನ್ನೇ ಒಪ್ಪಿಸಿತು. ಹಳೆಯ ಮೂವತ್ತೆರಡು ಬಿಟ್ಟಿನ ಸಂಸಾರ ಅದು. ನಾಲ್ಕರವರೆಗೆ ಮಾತ್ರ ಎಣಿಸಬಲ್ಲ ಗುಮಾಸ್ತ ಇದ್ದ ಹಾಗೆ. ಐದನೆಯ ಚೀಲ ತಂದು ಅವನ ಮೂಗಿನ ಮುಂದೆ ಇಟ್ಟರೂ ಅವನಿಗೆ ಕಾಣುವುದಿಲ್ಲ. ಕಂಡ ನಾಲ್ಕರಲ್ಲೂ ಆಟಕ್ಕೆ ಕೊಡುವುದು ಎರಡು. ಡಿಪ್ಲೊಮಾ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆದವನು ನಾನು. ಅದು ಪರೀಕ್ಷೆಯ ಹೊರಗೂ ನಿಜವಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ!

ಹೀಗೆ ಕಾಕಾನ ದನಿ ಯಾರ ಕಿವಿಗೂ ಬೀಳದೆ ಮಂಗಳೂರು ಸ್ಟಾಪಿನಲ್ಲೇ ಉಳಿಯಿತು. ನಾನೂ ಅದನ್ನು ಮರೆತೆ.

ಬೀಗರು ಮಾತು ಮುಗಿಸಲು ಎರಡನೆಯ ಸಲ ಬರುವ ದಿನ, ಬೆಳಿಗ್ಗೆಯೇ ಅಕ್ಕ ನನ್ನ ಅಂಗಿಯ ಕಾಲರು ಹಿಡಿದಳು.

"ಮಂಜ್ಯಾ, ಇವತ್ತೊಂದಿನ ಬಾಯಿ ಬಂದ್ ಇಟ್ಕೋ. ಯಾರ ದನೀನೂ ತೆಗೀಬ್ಯಾಡ. ಈ ಸಂಬಂಧ ಕೆಟ್ಟರ ನಾ ಜಲಮದಾಗ ನಿನ್ನ ಮುಖಾ ನೋಡೂದಿಲ್ಲ."

"ಬಾಯಿ ಬಂದ್, ಯಕ್ಕಾ."

ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ತಪ್ಪಿದ್ದು ಕಂಪ್ಯೂಟರು.

ಭಾವನಾಗಲಿರುವ ವೀರೇಶನಿಗೆ ಅವನ ಊರನ್ನೇ ತೋರಿಸಿ ಬೆರಗುಗೊಳಿಸಬೇಕೆಂದು ನನಗೆ ಹುಕಿ. ಆಟಕ್ಕೆ ಎರಡರ ಬದಲು ಮೂರು ಜಿಬಿ ಸಿಗುವಂತೆ ಮಾಡುವ ಒಂದು ಸಣ್ಣ ತೇಪೆಯನ್ನು ಹುಡುಕಿ ಹಚ್ಚಿದೆ. ಮೆಮೊರಿ ತಿನ್ನುವವರನ್ನೆಲ್ಲ ಹೊರಗೆ ಹಾಕಿದೆ. ವೈರಸ್ ಕಾಯುವವ ಹೋದ, ಪ್ರಿಂಟರು ಹೋಯಿತು, ಪರದೆಯ ಮೇಲಿನ ದೇವರ ಚಿತ್ರವೂ ಹೋಯಿತು.

"ದೇವರ ಫೋಟೋ ಯಾಕ ತೆಗದ್ಯೋ?" ಎಂದಳು ಅವ್ವ.

"ಮೆಮೊರಿ ತಿಂತೈತಿ, ಅವ್ವಾ."

"ನೀ ತಿಂದಷ್ಟೇನೂ ತಿಂದಿಲ್ಲ ಬಿಡು."

ಬೀಗರು ಬಂದರು. ಬಸಲಿಂಗಪ್ಪ ಕಾಕಾ ಅಪ್ಪನ ಪಕ್ಕ ದಿವಾನದ ಮೇಲೆ ಕೂತು, ಮಾತು ಕಮ್ಮಿ ಎಂದು ಘೋಷಿಸಿ, ಶುರು ಮಾಡಿದರು. ವೀರೇಶ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಹತ್ತಿರ ಬಂದ.

"ನಮ್ಮೂರ ತನಕ ರೋಡ್ ಹಾಕೀದಿ ಅಂತಲ್ಲ, ತೋರ್ಸು ನೋಡೂಣು."

"ನೀವ ಓಡಸ್ರಿ, ಮಾಮಾ," ಎಂದೆ. ಸಂಬಂಧ ಇನ್ನೂ ಕುದುರಿರಲಿಲ್ಲ, ನನ್ನ ನಾಲಿಗೆ ಆಗಲೇ ಮದುವೆ ಮುಗಿಸಿತ್ತು. ಹಾರ್ನು ಓಣಿಗೆಲ್ಲ ಕೇಳಲಿ ಎಂದು ಸ್ಪೀಕರಿನ ಕಿವಿಯನ್ನು ಪೂರ್ತಿ ತಿರುವಿದೆ.

ಬಸ್ಸು ಹೊರಟಿತು. ಗಿಣಿಗೇರಾ ದಾಟಿತು. ನನಗೆ ಕಣ್ಣಲ್ಲಿ ನೀರೇ ಬಂತು. ಕೊಪ್ಪಳವೂ ದಾಟಿತು. ಮಂಗಳೂರಿನ ಫಲಕ ಕಂಡದ್ದೇ ವೀರೇಶ ಹುಡುಗನಂತಾದ.

"ಅಪ್ಪಾ, ಬರ್ರಿ ಇಲ್ಲೆ. ಅವ್ವಾ, ನೀನೂ ಬಾ. ನಮ್ಮೂರು ನೋಡ್ರಿ."

ಕಾಕಾ ಬಂದು ನನ್ನ ಬೆನ್ನ ಹಿಂದೆ ನಿಂತರು. ಅವರ ಹಿಂದೆ ಅವರ ಹೆಂಡತಿ ಗಿರಿಜವ್ವ ಕಾಕು. ಬಸ್ಸು ನಿಂತು ಬಾಗಿಲು ತೆರೆಯಿತು. ಧೋತರದವನು ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ನನಗೆ ನೆನಪಾಯಿತು.

ಮೌಸಿಗೆ ಕೈ ಹಾಕಿದೆ. ಅಷ್ಟರಲ್ಲಿ ಕಾಕಾನ ಭಾಷಣದ ಭಾರಕ್ಕೆ ಮೂರನೆಯ ಜಿಬಿಯೂ ತುಂಬಿ, ಕಂಪ್ಯೂಟರು ಕಲ್ಲಾಯಿತು. ಚಿತ್ರ ನಿಂತಿತು. ದನಿ ನಿಲ್ಲಲಿಲ್ಲ. ಯಂತ್ರ ಹೀಗೆ ಕಲ್ಲಾದಾಗ ಕೊನೆಯ ತುಣುಕು ದನಿ ಅದರ ಗಂಟಲಲ್ಲಿ ಸಿಕ್ಕಿಕೊಂಡು ಅದನ್ನೇ ಒದರುತ್ತಿರುತ್ತದೆ.

"ನಾ ಮಾತ ಕಮ್ಮಿ... ನಾ ಮಾತ ಕಮ್ಮಿ... ನಾ ಮಾತ ಕಮ್ಮಿ..."

ಕೀಲಿಗಳನ್ನೆಲ್ಲ ಒತ್ತಿದೆ. "ನಾ ಮಾತ ಕಮ್ಮಿ." ಪವರ್ ಬಟನ್ ಅಂಗಡಿಯ ಕಾಲದಲ್ಲೇ ಒಳಗೆ ಬಿದ್ದಿತ್ತು, ವಾಯರು ಚುಚ್ಚಿಯೇ ಚಾಲೂ ಮಾಡಬೇಕಿತ್ತು. "ನಾ ಮಾತ ಕಮ್ಮಿ." ಪ್ಲಗ್ಗು ಇದ್ದದ್ದು ದಿವಾನದ ಕೆಳಗೆ. ಅಪ್ಪನ ಕಾಲುಗಳ ನಡುವೆ ನುಸುಳಿ, ಹೊಟ್ಟೆಯ ಮೇಲೆ ತೆವಳುತ್ತಾ ಹೋದೆ. ಅಲ್ಲಿಂದ ಅಕ್ಕನ ಪಾದಗಳು ಮಾತ್ರ ಕಾಣುತ್ತಿದ್ದವು. ಚಹಾದ ತಾಟು ಹಿಡಿದು ಬಂದವು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದವು. ಮೇಲಿನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ವಾಯರು ಕಿತ್ತೆ. ದನಿ ನಿಂತಿತು.

"ಯಾರ ದನಿ ಅದು?" ಎಂದರು ಕಾಕಾ.

ಅಪ್ಪ ಜಂತಿ ನೋಡಿದ. ನಾನು ದಿವಾನದ ಕೆಳಗೇ ವಾಸ ಮಾಡಲು ನಿರ್ಧರಿಸಿದೆ. ಆಗ ಗಿರಿಜವ್ವ ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು, ತಡೆಯಲಾರದೆ, ಅಲ್ಲೇ ಕುಸಿದು ಕೂತು ನಗತೊಡಗಿದರು.

"ಇದು ವಾಯರ್ ಕಿತ್ತಿದ್ರ ನಿಂತ್ತು ನೋಡ್ರಿ. ನಮ್ಮನ್ಯಾಗಿಂದಕ್ಕ ವಾಯರ್ ಎಲ್ಲೈತಿ ಅಂತ ಮದಿವ್ಯಾದಾಗಿಂದ ಹುಡುಕಾಕತ್ತೀನಿ." ಅಕ್ಕನ ಕಡೆ ತಿರುಗಿ ಕೈ ಚಾಚಿದರು. "ಬಾ ಯವ್ವಾ, ಬಂದು ನೀನೂ ಹುಡುಕೀಯಂತ."

ತಾಟಿನಲ್ಲಿದ್ದ ಲೋಟಗಳು ಅಕ್ಕನ ನಗೆಗೆ ಗಲಗಲ ಎಂದವು. ಅಪ್ಪನೂ ಉಸಿರು ಬಿಟ್ಟ. ಸಂಬಂಧ ಕುದುರಿತೆಂದು ಎಲ್ಲರಿಗೂ ಸಕ್ಕರೆ ಹಂಚಿ ಆಯಿತು. ವೀರೇಶ ತನ್ನ ತಂದೆಗೆ ತಾಳ್ಮೆಯಿಂದ ಬಿಡಿಸಿ ಹೇಳಿದ, "ಜಾಗಾ ಕಮ್ಮಿ ಐತ್ರಿ ಅಪ್ಪಾ, ತುಂಬಿದ್ದು ಹೆಚ್ಚಾತು. ಅದಕ್ಕ ನಿಂತ್ತು." ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ತಲೆ ಆಡಿಸಿದರು.

ಅಲ್ಲಿಗೆ ನಾನು ಬಾಯಿ ಬಂದ್ ಇಡಬೇಕಿತ್ತು. ಆದರೆ ಈ ಮದುವೆಯನ್ನು ಕೂಡಿಸಿದ್ದು ನನ್ನ ಕಲೆಯೇ ಎಂಬ ಗಾಳಿ ತಲೆಗೆ ಹೊಕ್ಕಿತ್ತು. ಅವರು ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಹಲ್ಲು ಕಿರಿದು ಕೇಳಿಯೇಬಿಟ್ಟೆ, "ಕಾಕಾ, ದನಿ ಹೆಂಗಿತ್ರಿ?"

ಬಸಲಿಂಗಪ್ಪ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು. ನಮ್ಮ ಮನೆಯಲ್ಲಿ ಮೊದಲ ಸಲ, ನಿಜವಾಗಿಯೂ ಮಾತು ಕಮ್ಮಿ ಆಡಿದರು.

"ದನಿ ಛಲೋ ಐತಿ, ತಮ್ಮಾ. ಜಾಗಾ ಕಮ್ಮಿ ಇರೂದು ಕಂಪ್ಯೂಟರಿನ್ಯಾಗಲ್ಲ."