ಅರಮನೆ ಸುಟ್ಟ ರಾಣಿಯ ನಡತೆ

೨೦೨೩ರಲ್ಲಿ ನನಗೆ ಐವತ್ತಾರು ವರ್ಷ. ಮೇಷ್ಟರ ಕೆಲಸ ಬಿಟ್ಟಿದ್ದರೂ ಮೇಷ್ಟರ ಬುದ್ಧಿ ನನ್ನನ್ನು ಬಿಟ್ಟಿರಲಿಲ್ಲ. ಶಾಲೆ ಬಿಡುವ ಮಕ್ಕಳ ಪ್ರಮಾಣಪತ್ರದಲ್ಲಿ ‘ನಡತೆ’ ಎಂಬುದರ ಮುಂದೆ ‘ಉತ್ತಮ’ ಎಂದೋ ‘ಸಾಧಾರಣ’ ಎಂದೋ ಬರೆದು ಬರೆದು, ಮನುಷ್ಯರೆಲ್ಲರೂ ಈ ಎರಡು ಪದಗಳಲ್ಲಿ ಅಡಗುತ್ತಾರೆಂಬ ನಂಬಿಕೆ ನನ್ನಲ್ಲಿ ಬೇರೂರಿತ್ತು. ಹೆಂಡತಿಯೊಬ್ಬಳನ್ನು ಮಾತ್ರ, ಗೃಹಶಾಂತಿಯ ದೃಷ್ಟಿಯಿಂದ, ವರ್ಗೀಕರಿಸದೆ ಬಿಟ್ಟಿದ್ದೆ.

ಈ ನಂಬಿಕೆಯನ್ನು ಅಲುಗಾಡಿಸಿದವಳು ಜರ್ಮನ್ ನಾಟಕದ ಒಬ್ಬ ರಾಣಿ. ನನ್ನ ಮಗಳು ಮಂಜುಳಾ ನಮ್ಮೂರು ಸೇಲಂನಲ್ಲಿ, ಜರ್ಮನಿಗೆ ಹೊರಟ ನರ್ಸ್‌ಗಳಿಗೆ ಆ ಭಾಷೆ ಕಲಿಸುತ್ತಾಳೆ. ಪಕ್ಕದ ಮನೆಯ ಮಗ್ಗ ನಿಲ್ಲುವ ಮಧ್ಯಾಹ್ನಗಳಲ್ಲಿ ಆಕೆ ಒಂದು ಆಪೆರಾದ, ಎಂದರೆ ಆದ್ಯಂತ ಹಾಡಿಯೇ ಆಡುವ ನಾಟಕದ, ಹಾಡನ್ನು ಅಭ್ಯಾಸ ಮಾಡುತ್ತಿದ್ದಳು. ಅದರ ರಾಣಿ, ತನ್ನನ್ನು ವಂಚಿಸಿದ ಗಂಡ ಮಲಗಿರುವಾಗ ಅರಮನೆಗೆ ಬೆಂಕಿಯಿಡುತ್ತಾಳೆ. ಅನಂತರ ಅವನಿಗಾಗಿಯೇ ಅಳುತ್ತಾಳೆ.

“ಒಳ್ಳೆಯವಳೋ ಕೆಟ್ಟವಳೋ, ಒಂದು ಮಾತಿನಲ್ಲಿ ಹೇಳು” ಎಂದೆ.

“ಒಂದ್ ಮಾತ್ನಾಗೆ ಯೋಳೋಕಾಗಲ್ಲಪ್ಪಾ. ಅದ್ಕೇ ಮೂರ್ ಗಂಟೆ ನಾಟ್ಕ ಐತೆ” ಎಂದಳು.

ಶಂಕಗಿರಿಯಲ್ಲಿ ಲಾರಿ ನಡೆಸುವ ಮನೆಯ ಹುಡುಗನೊಬ್ಬನನ್ನು ಮಂಜುಳಾ ತಾನೇ ಮೆಚ್ಚಿದ್ದಳು. ಅವನ ತಾಯಿಯ ಒಪ್ಪಿಗೆಯೊಂದೇ ಬಾಕಿ. ಆಕೆ ಮಗನೊಡನೆ ಹೆಣ್ಣು ನೋಡಲು ಬಂದರು, ಬೋಂಡಾ ತಿಂದರು, ಪದ್ಧತಿಯಂತೆ “ಒಂದ್ ಪಾಟ್ಟು ಆಡವ್ವಾ” ಎಂದು ಹಾಡು ಕೇಳಿದರು. ನಾನು ದೇವರನಾಮವನ್ನು ನಿರೀಕ್ಷಿಸಿದ್ದೆ. ಮಗಳು ಅರಮನೆಗೆ ಬೆಂಕಿಯಿಟ್ಟಳು.

ಹಾಡು ಮುಗಿದಾಗ ಹುಡುಗನ ಕೈಯ ಬೋಂಡಾ ಬಾಯಿಯ ಹತ್ತಿರವೇ ನಿಂತಿತ್ತು. “ಏನ್ ಸಾರ್ ಅರ್ಥ?” ಎಂದು ತಾಯಿ ನನ್ನನ್ನು ಕೇಳಿದರು. ತಪ್ಪು ಅನುವಾದಕ್ಕೆ ಜೀವಮಾನದಲ್ಲಿ ಅಂಕ ಕೊಡದ ನಾನು, “ನದೀದೇವತೆಯ ಸ್ತುತಿ. ನಮ್ಮ ಕಾವೇರಿ ತಾಯಿ ಇದ್ದ ಹಾಗೆ” ಎಂದೆ.

“ಇಲ್ಲತ್ತೆ” ಎಂದಳು ಮಂಜುಳಾ. “ಮೋಸ ಮಾಡಿದ್ ಗಂಡನ್ನ ಅರಮನೆ ಸಮೇತ ಸುಡ್ತೀನಿ ಅಂತಾಳೆ.”

ನನ್ನ ಹೆಂಡತಿ ಮೆಲ್ಲನೆ ಅಡಿಗೆಮನೆಗೆ ಸರಿದಳು. ಹುಡುಗನ ತಾಯಿ ವೀಳ್ಯದೆಲೆ ಮಡಿಚುವುದನ್ನು ನಿಲ್ಲಿಸಿದರು.

“ಕೆಲ್ಸದೋರ್ನ ಈಚೆಗ್ ಕಳಿಸಿದ್ಳಾ?”

“ಮೊದ್ಲೇ ಕಳಿಸಿದ್ಳು. ಕುದ್ರೆಗೋಳ್ನೂ ಬಿಚ್ಚಿಬಿಟ್ಳು.”

“ಆಮ್ಯಾಕೆ ಅತ್ಲಾ?”

“ಬಾಳ ಅತ್ಲು.”

“ಪಾವಂ” ಎಂದು ಮರುಗಿದರು ಆಕೆ. “ಸುಡಬಾರ್ದಾಗಿತ್ತು. ಆದ್ರೂ ನಂಗೆ ಅವ್ಳ ಮ್ಯಾಗೆ ಕ್ವಾಪ ಬರ್ತಿಲ್ಲ ನೋಡು.” ಬಳಿಕ ಮಗನತ್ತ ತಿರುಗಿ, “ಲೇ, ಕೇಳ್ಕೊಂಡ್ಯಾ? ಉಷಾರಾಗಿರು” ಎಂದರು.

ಅದೇ ಒಪ್ಪಿಗೆಯೆಂದು ನನಗೆ ಅರ್ಥವಾಗುವಷ್ಟರಲ್ಲಿ ಆಕೆ ನನ್ನತ್ತ ನೋಡಿದರು. “ಉಡುಗಿ ನಿಜ ಯೋಳ್ತಾಳೆ, ಸಾಕು. ನೀವ್ ಏನಾರ ಯೋಳಿದ್ರೆ ಮಾತ್ರ ಸಾರ್, ಅವ್ಳತ್ರ ಒಂದ್ಸಲ ಕೇಳ್ಕೊಂಡೇ ನಂಬ್ತೀನಿ.”

ರಾಣಿಯ ನಡತೆಯ ಮುಂದೆ ಏನು ಬರೆಯಬೇಕೆಂದು ನನಗಿನ್ನೂ ಹೊಳೆದಿಲ್ಲ. ನನ್ನದು ‘ಸಾಧಾರಣ’ವೆಂದು, ಮದುವೆಯ ತಾಂಬೂಲ ಬದಲಾದ ಗಳಿಗೆಯಲ್ಲೇ ಇತ್ಯರ್ಥವಾಯಿತು: ೨೦೨೩ನೆಯ ಇಸವಿ, ನವೆಂಬರ್ ೧೯, ಭಾನುವಾರ.